ಬಿಸು ಮಳೆಗೆ ಮೊದಲು ಮನೆಯ ಸಂದು ಮುಚ್ಚುವ ಕೆಲಸ

ಕಾಸರಗೋಡಿನ ಮನೆಗಳಿಗೆ ಹುಳ, ಇಲಿ ನುಗ್ಗುವುದಕ್ಕೂ ಒಂದು ಕಾಲವಿದೆ. ತುಳುವರ ಮಾಯಿ ತಿಂಗಳು, ಅಂದರೆ ಫೆಬ್ರವರಿ ಮಧ್ಯ, ಬರುವಾಗ ಅಂಗಳದ ತುಂಬ ಅಡಿಕೆ ಹರವಿರುತ್ತದೆ, ರಬ್ಬರ್ ಮರಗಳು ಎಲೆ ಉದುರಿಸಿ ಚಿಗುರುತ್ತಿರುತ್ತವೆ, ಬಾವಿಯ ನೀರು ದಿನಕ್ಕಿಷ್ಟು ಎಂದು ಕೆಳಗೆ ಹೋಗುತ್ತಿರುತ್ತದೆ. ಹೊರಗೆ ತೇವ ಆರಿದಂತೆಲ್ಲ ಇಲಿ, ಜಿರಳೆ, ಇರುವೆ ಬಚ್ಚಲಿಗೂ ಅಡುಗೆಮನೆಗೂ ದಾರಿ ಹುಡುಕುತ್ತವೆ. ಏಪ್ರಿಲ್ ಮಧ್ಯದ ಬಿಸು ಹಬ್ಬ ಕಳೆದು ಸಂಜೆಯ ಒಂದೆರಡು ಮಳೆ ಬಿತ್ತೆಂದರೆ ರಬ್ಬರ್ ತೋಟದಿಂದ ಮುಪ್ಲಿ ಎಂಬ ಸಣ್ಣ ಕಪ್ಪು ಹುಳ ಏಳುತ್ತದೆ, ಅಡಿಕೆ ಹಾಳೆಯಲ್ಲಿ ನಿಂತ ನೀರಿನಿಂದ ಸೊಳ್ಳೆ ಏಳುತ್ತದೆ. ಆದ್ದರಿಂದ ಕೆಲಸ ಮಾಡಬೇಕಾದದ್ದು ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ಎಂಟು ವಾರಗಳಲ್ಲಿ. ಗೋಡೆ, ಮರ, ನೆಲ ಒಣಗಿರುವ ಈ ಹೊತ್ತಿನಲ್ಲಿ ಗಾರೆ ಹಿಡಿಯುತ್ತದೆ, ಮರಕ್ಕೆ ಹಚ್ಚಿದ್ದು ಒಳಗಿಳಿಯುತ್ತದೆ, ಬಿರುಕು ಕಣ್ಣಿಗೆ ಕಾಣುತ್ತದೆ. ಪತ್ತನಾಜೆ ಕಳೆದು, ಅಂದರೆ ಮೇ ಕೊನೆಗೆ ಮಳೆಗಾಲ ಹತ್ತಿರವಾದ ಮೇಲೆ, ಇದೇ ಕೆಲಸಕ್ಕೆ ಮೂರು ಪಟ್ಟು ಶ್ರಮ ಬೇಕು, ಫಲ ಅರ್ಧ.

ವಿಷದ ಮಾತು ಮೊದಲೇ ಹೇಳಬೇಕು. ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ನೆಲ. ಅದರ ಮೈತುಂಬ ತೂತು. ಪಂಚಾಂಗದ, ಅಂದರೆ ಮನೆಯ ತಳಗಟ್ಟಿನ, ಬುಡಕ್ಕೆ ಸುರಿದದ್ದು ಹತ್ತು ಹೆಜ್ಜೆ ಆಚೆಯ ಬಾವಿಗೆ ಇಳಿಯಲು ಬಹಳ ದಿನ ಬೇಡ. ಗುಡ್ಡದ ಬುಡದ ಮನೆಗಳಲ್ಲಿ ಕುಡಿಯುವ ನೀರು ಬರುವುದೇ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ. ಇದೇ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, ಆದರೆ ಎಣ್ಮಕಜೆ ಕಡೆಯ ಮನೆಗಳಲ್ಲಿ ಅದರ ನೋವು ಇನ್ನೂ ಮುಗಿದಿಲ್ಲ. ಇಂಥ ಊರಿನಲ್ಲಿ ಒಂದು ಜಿರಳೆ ಕಂಡಿತೆಂದು ಮನೆಯಿಡೀ ಸ್ಪ್ರೇ ಹೊಡೆಯುವುದು ಸರಿಯಲ್ಲ. ಮೊದಲು ಸಂದು ಮುಚ್ಚಬೇಕು, ಆಮೇಲೆ ತೇವ ತೆಗೆಯಬೇಕು, ಆಮೇಲೆ ತಿನ್ನಲು ಸಿಗದಂತೆ ಮಾಡಬೇಕು. ಇಷ್ಟಾದ ಮೇಲೂ ಉಳಿದದ್ದಕ್ಕೆ ಮಾತ್ರ ಮದ್ದು, ಅದೂ ಅಳೆದು.

ಮೊದಲು ಒಂದು ಸುತ್ತು

ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಒಂದು ಸೀಮೆಸುಣ್ಣ ಹಿಡಿದು ಬೆಳಿಗ್ಗೆ ಮನೆಯ ಹೊರಗೆ ಒಂದು ಸುತ್ತು, ಒಳಗೆ ಒಂದು ಸುತ್ತು ಬನ್ನಿ. ಪೆನ್ಸಿಲ್ ತೂರುವ ಪ್ರತಿ ಸಂದಿಗೂ ಸೀಮೆಸುಣ್ಣದ ಗುರುತು ಹಾಕಿ. ಪೆನ್ಸಿಲ್ ತೂರುವಷ್ಟು, ಅಂದರೆ 6-7 ಮಿಲಿಮೀಟರಿನ ತೂತಿನಲ್ಲಿ ಸುಂಡಿಲಿ ಒಳಗೆ ಬರುತ್ತದೆ. ಮಾಡಿನ ದೊಡ್ಡ ಇಲಿಗೆ ಹೆಬ್ಬೆರಳು ಗಾತ್ರದ ತೂತು ಸಾಕು.

ಗುರುತು ಹೆಚ್ಚಾಗಿ ಬೀಳುವ ಜಾಗಗಳು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ: ಬಚ್ಚಲಿನ ನೀರು ಹೊರಹೋಗುವ ಪೈಪಿನ ಸುತ್ತ, ಗ್ಯಾಸಿನ ಟ್ಯೂಬು ಗೋಡೆ ದಾಟುವಲ್ಲಿ, ಕರೆಂಟಿನ ವಯರು ಒಳಬರುವ ಪೈಪಿನ ಬಾಯಿ, ಹಿಂಬಾಗಿಲಿನ ಅಡಿ, ಗೋಡೆಯ ತಲೆಗೂ ಹಂಚಿಗೂ ನಡುವೆ ಪಕ್ಕಾಸು (ಮಾಡಿನ ಇಳಿಜಾರು ಮರ) ಕೂತ ಜಾಗ. ಹಂಚಿನ ಮನೆಯಲ್ಲಿ ಈ ಕೊನೆಯದೇ ಹೆದ್ದಾರಿ.

ಗೋಡೆಯ ತೂತಿಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಹೊಯಿಗೆಯ (ಮರಳಿನ) ಗಾರೆ ಸಾಕು. ಹಚ್ಚುವ ಮೊದಲು ಮುರಕಲ್ಲನ್ನು ಚೆನ್ನಾಗಿ ನೆನೆಸಿ. ಒಣ ಮುರಕಲ್ಲು ಗಾರೆಯ ನೀರನ್ನು ಹೀರಿಬಿಡುತ್ತದೆ, ಎರಡೇ ದಿನದಲ್ಲಿ ಗಾರೆ ಸುತ್ತ ಕೂದಲೆಳೆಯ ಬಿರುಕು ಬಿಟ್ಟು ಬಿಲ್ಲೆಯಂತೆ ಕಳಚಿ ಬೀಳುತ್ತದೆ. ಮೂರು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಪೈಪಿನ ಸುತ್ತ ಮುಚ್ಚುವಾಗ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಅದರ ಮೇಲೆ ಗಾರೆ ಹಚ್ಚಿದರೆ ಇಲಿ ಕಡಿದು ತೆಗೆಯಲಾರದು. ಬಟ್ಟೆ, ಥರ್ಮಾಕೋಲ್, ಫೋಮ್ ತುರುಕಿದರೆ ಒಂದೇ ರಾತ್ರಿಯ ಮಾತು.

ಸೂರಿನ ಸಂದನ್ನು ಮಾತ್ರ ಗಾರೆಯಿಂದ ಮುಚ್ಚಬೇಡಿ. ಹಂಚಿನ ಮಾಡಿನ ಕೆಳಗೆ ಗಾಳಿ ಆಡದಿದ್ದರೆ ಅಟ್ಟ ಕಾದು ಮಳೆಗಾಲದಲ್ಲಿ ಮರ ಬೆವರುತ್ತದೆ, ಒರಳೆಗೆ (ಗೆದ್ದಲಿಗೆ) ಅದೇ ಬೇಕು. ಅಲ್ಲಿಗೆ 6 ಮಿಲಿಮೀಟರ್ ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ ಹೊಡೆಯಿರಿ, ಅದರ ಒಳಮೈಗೆ ಸೊಳ್ಳೆ ಜಾಲರಿಯನ್ನು ಸೇರಿಸಿ ತಂತಿಯಿಂದ ಹೊಲಿಯಿರಿ. ಹೊರಗಿನದು ಇಲಿಗೆ, ಒಳಗಿನದು ಹುಳಕ್ಕೆ. ಬರೀ ನೈಲಾನ್ ಜಾಲರಿಯನ್ನು ಇಲಿ ಕತ್ತರಿಸುತ್ತದೆ, ಬರೀ ಜಿಐ ಜಾಲರಿಯಲ್ಲಿ ಮುಪ್ಲಿ ಹುಳ ಸರಾಗವಾಗಿ ನುಸುಳುತ್ತದೆ.

ಮಾಡಿಗೆ ತಾಗುವ ಹಲಸು, ಮಾವಿನ ಗೆಲ್ಲುಗಳನ್ನು ಒಂದೂವರೆ ಮೀಟರ್ ಅಂತರ ಬಿಡುವಂತೆ ಕಡಿಯಿರಿ. ಇಲಿಯೂ ಚಗಳಿ ಇರುವೆಯೂ ಅದೇ ಸೇತುವೆಯಲ್ಲಿ ಬರುತ್ತವೆ. ಚಗಳಿಯನ್ನು ಮರದ ಮೇಲೆಯೇ ಬಿಟ್ಟುಬಿಡಿ, ಗೇರಿನ ಚಿಗುರು ತಿನ್ನುವ ಕೀಟಗಳನ್ನು ಅದು ಹಿಡಿದು ತಿನ್ನುತ್ತದೆ.

ಒರಳೆ

ಈ ಭಾಗದ ಮನೆಗಳಿಗೆ ಅತಿ ಹೆಚ್ಚು ನಷ್ಟ ಮಾಡುವುದು ಒರಳೆ, ಅದೂ ಸದ್ದಿಲ್ಲದೆ. ಮರದ ಮೇಲ್ಮೈಯನ್ನು ಕಾಗದದಷ್ಟು ತೆಳುವಾಗಿ ಬಿಟ್ಟು ಒಳಗಿನ ತಿರುಳನ್ನಷ್ಟೇ ತಿನ್ನುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ದಾರಂದದ (ಬಾಗಿಲ ಚೌಕಟ್ಟಿನ) ಬುಡ, ಕಿಟಕಿ ಚೌಕಟ್ಟು, ಗೋಡೆಯೊಳಗೆ ಕೂತ ಪಕ್ಕಾಸಿನ ತುದಿ, ಗೋಡೆಗೆ ಒರಗಿದ ಕಪಾಟಿನ ಹಿಂಬದಿ ಎಲ್ಲವನ್ನೂ ತಟ್ಟಿ ನೋಡಿ. ಗಟ್ಟಿ ಮರ ಟಣ್ ಎನ್ನುತ್ತದೆ, ತಿಂದ ಮರ ಖಾಲಿ ಡಬ್ಬದಂತೆ ಬೊಳ್ಳೆನ್ನುತ್ತದೆ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರಿನ ಮೊನೆ ಒತ್ತಿ, ಒಳಗೆ ಇಳಿದರೆ ಉತ್ತರ ಸಿಕ್ಕಿತು.

ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಕೂಡಲೇ ಹಿಡಿಸೂಡಿಯಿಂದ ಗುಡಿಸಿ ತೆಗೆಯಬೇಡಿ. ಬಹುಪಾಲು ಮನೆಗಳಲ್ಲಿ ಆಗುವ ತಪ್ಪು ಇದೇ. ಗೆರೆಯ ನಡುವಿನಲ್ಲಿ ಎರಡು ಇಂಚನ್ನು ಮಾತ್ರ ಉಗುರಿನಿಂದ ಒಡೆದು ಒಳಗೆ ನೋಡಿ. ಅಕ್ಕಿಕಾಳಿಗಿಂತ ಸಣ್ಣ, ಹಾಲುಬಿಳುಪಿನ ಹುಳಗಳು ಬೆಳಕಿಗೆ ಬೆದರಿ ಎರಡೂ ಕಡೆಗೆ ಸರಿಯುವುದು ಕಾಣುತ್ತದೆ. ಕೆಂದಲೆಯ ಕೆಲವು ಮಾತ್ರ ಒಡೆದ ಬಾಯಿಗೆ ಬಂದು ದವಡೆ ತೆರೆದು ನಿಲ್ಲುತ್ತವೆ, ಕಾವಲಿನ ಹುಳಗಳು ಅವು. ಎರಡು-ಮೂರು ದಿನ ಬಿಟ್ಟು ಅದೇ ಜಾಗ ನೋಡಿ. ಹಸಿ ಮಣ್ಣಿನಿಂದ ತೇಪೆ ಹಾಕಿದ್ದರೆ ದಾರಿ ಬಳಕೆಯಲ್ಲಿದೆ. ಹಾಗೆಯೇ ಬಿಟ್ಟಿದ್ದರೆ ಹಳೆಯದು, ಆದರೂ ಎರಡು ವಾರ ಕಳೆದು ಇನ್ನೊಮ್ಮೆ ನೋಡಿ. ಗೆರೆ ಎಲ್ಲಿಂದ ಏಳುತ್ತದೆ ಎಂದು ನೆಲದವರೆಗೆ ಹಿಂಬಾಲಿಸಿ ಗುರುತು ಹಾಕಿಕೊಳ್ಳಿ. ಮದ್ದು ಹೋಗಬೇಕಾದದ್ದು ಗೆರೆಗಲ್ಲ, ಆ ಬುಡಕ್ಕೆ.

ಗೆರೆಯ ಮೇಲೆ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಸುರಿದರೆ, ಸ್ಪ್ರೇ ಹೊಡೆದರೆ ಆ ಕ್ಷಣಕ್ಕೆ ಅಲ್ಲಿದ್ದ ಹುಳಗಳು ಸಾಯುತ್ತವೆ. ರಾಣಿ ಇರುವುದು ಮಣ್ಣಿನೊಳಗೆ. ಒಂದು ವಾರದಲ್ಲಿ ಗೋಡೆಯ ಇನ್ನೊಂದು ಮೂಲೆಯಲ್ಲಿ, ಈ ಬಾರಿ ಕಪಾಟಿನ ಹಿಂದೆ, ಹೊಸ ಗೆರೆ ಏಳುತ್ತದೆ.

ಮದ್ದಿಗೆ ಮೊದಲು ಮಾಡಬೇಕಾದ ಕೆಲಸ ಮೂರು. ಮೊದಲನೆಯದು, ಪಂಚಾಂಗದ ಸುತ್ತ ಕನಿಷ್ಠ 15 ಸೆಂಟಿಮೀಟರ್ ಗೋಡೆ ಬರಿದಾಗಿ ಕಾಣಬೇಕು. ಮಣ್ಣು, ಹೂಕುಂಡ, ಅಡಿಕೆ ಸಿಪ್ಪೆ, ಮಡಲಿನ ರಾಶಿ ಗೋಡೆಗೆ ಒರಗಿದ್ದರೆ ಒರಳೆಯ ಗೆರೆ ಮರೆಯಲ್ಲೇ ಮೇಲೆ ಹೋಗುತ್ತದೆ. ಎರಡನೆಯದು, ಕಟ್ಟಿಗೆ. ಮಳೆಗಾಲಕ್ಕೆಂದು ಈ ಕಾಲದಲ್ಲಿ ಕೂಡಿಡುವ ಸೌದೆಯನ್ನು ಮನೆಯ ಹಿಂಗೋಡೆಗೆ ಪೇರಿಸುವುದು ರೂಢಿ. ಗೋಡೆಯಿಂದ ಒಂದು ಮೀಟರ್ ಬಿಟ್ಟು, ನೆಲದಿಂದ ಒಂದು ಅಡಿ ಎತ್ತರಕ್ಕೆ ಮುರಕಲ್ಲು ಇಟ್ಟು ಅದರ ಮೇಲೆ ಪೇರಿಸಿ. ಆಗ ಒರಳೆ ಕಲ್ಲಿನ ಮೇಲೆ ಗೆರೆ ಎಳೆಯಲೇಬೇಕು, ನೀವು ನೋಡಲೇಬೇಕು. ಮೂರನೆಯದು, ತೇವ. ಒಡೆದ ಹಂಚು, ಸೋರುವ ದಂಬೆ, ಬಚ್ಚಲಿನ ಗೋಡೆಯಲ್ಲಿ ಜಿನುಗುವ ನಲ್ಲಿ. ಒಡೆದ ಹಂಚನ್ನು ಮಾರ್ಚಿನಲ್ಲೇ ಬದಲಿಸಿ, ಪಕ್ಕಾಸಿನ ತುದಿಯಲ್ಲಿ ಒರಳೆ ಹಿಡಿದಿದ್ದರೆ ಅದರ ಮೇಲಿನ ಹಂಚು ಸೋರಿದ್ದೇ ಕಾರಣ ಆಗಿರುವುದು ಹೆಚ್ಚು.

ಒಳಗಿನ ಬರಿ ಮರಕ್ಕೆ, ಅಂದರೆ ಬಣ್ಣ ಹಾಕದ ಪಕ್ಕಾಸು, ರೀಪು, ಕಪಾಟಿನ ಹಿಂಬದಿಗೆ ಬಿಳಿಗಾರದ (ಬೋರಾಕ್ಸ್) ಲೇಪ ಒಳ್ಳೆಯದು. ಹತ್ತು ಲೀಟರ್ ಬಿಸಿನೀರಿಗೆ 360 ಗ್ರಾಂ ಬಿಳಿಗಾರ, 240 ಗ್ರಾಂ ಬೋರಿಕ್ ಪುಡಿ ಹಾಕಿ ಕರಗುವವರೆಗೆ ಕಲಸಿ. ಬ್ರಶ್ಶಿನಿಂದ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಮೂರು ಸಲ. ತಣ್ಣೀರಿನಲ್ಲಿ ಕಲಸಿದರೆ ತಳದಲ್ಲಿ ಹರಳು ಕೂರುತ್ತದೆ, ಮರಕ್ಕೆ ಹೋಗುವುದು ಬರೀ ನೀರು. ಕುಟ್ಟೆ, ಅಂದರೆ ಮರ ಕೊರೆದು ಪುಡಿ ಉದುರಿಸುವ ಹುಳ, ಹಿಡಿಯುವ ಬಿದಿರು, ರಬ್ಬರ್ ಮರದ ಹಲಗೆಗೂ ಇದೇ ಆಗುತ್ತದೆ. ಮಳೆ ಬಡಿಯುವ ಮರಕ್ಕೆ ಇದು ಬೇಡ, ತೊಳೆದುಹೋಗುತ್ತದೆ. ಅಲ್ಲಿಗೆ ಹಳಬರ ಗೇರೆಣ್ಣೆಯೇ ಸರಿ. ಗೇರುಬೀಜದ ಸಿಪ್ಪೆಯ ಈ ಎಣ್ಣೆಯನ್ನು ಸ್ವಲ್ಪ ಚಿಮಿಣಿ ಎಣ್ಣೆ ಬೆರೆಸಿ ತೆಳು ಮಾಡಿ ಹಚ್ಚುತ್ತಾರೆ. ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇಲ್ಲದೆ ಡಬ್ಬದ ಮುಚ್ಚಳ ತೆಗೆಯಬೇಡಿ. ಹಚ್ಚಿದ ಮರ ಪೂರ್ತಿ ಒಣಗುವ ತನಕ ಅದರ ಹತ್ತಿರ ಬೆಂಕಿ ಬೇಡ.

ಗೆರೆ ನಾಲ್ಕಾರು ಕಡೆ ಏಳುತ್ತಿದ್ದರೆ ನೆಲಕ್ಕೆ ಮದ್ದು ಹಾಕಿಸಲೇಬೇಕಾಗುತ್ತದೆ. ಪರವಾನಗಿ ಇರುವವರನ್ನೇ ಕರೆಯಿರಿ, ಏನು ಮಾಡುತ್ತಾರೆ ಎಂದು ಪಕ್ಕದಲ್ಲಿ ನಿಂತು ನೋಡಿ. ಒಳಗೋಡೆಯೂ ನೆಲವೂ ಕೂಡುವ ಮೂಲೆಯಲ್ಲಿ 12 ಮಿಲಿಮೀಟರ್ ಬಿಟ್ಟಿನಿಂದ, ಒಂದು ಅಡಿಗೊಂದರಂತೆ, ಗೋಡೆಯ ಅಡಿಗೆ ಓರೆಯಾಗಿ ತೂತು ಕೊರೆಯಬೇಕು. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಎಂಬ ಒರಳೆಮದ್ದು ಆದರೆ ಒಂದು ಲೀಟರ್ ನೀರಿಗೆ 2.1 ಮಿಲಿಲೀಟರ್. ಸಿರಿಂಜಿನಲ್ಲಿ ಅಳೆಯಬೇಕು, ಮುಚ್ಚಳದಲ್ಲಿ ಅಲ್ಲ. ತೂತೊಂದಕ್ಕೆ ಒಂದು ಲೀಟರ್ ಮೀರಬಾರದು, ಮಣ್ಣು ಹೀರುವುದು ನಿಂತಾಗ ನಿಲ್ಲಿಸಬೇಕು. ಆಮೇಲೆ ತೂತುಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚಬೇಕು. ಎಷ್ಟು ಸುರಿದರೂ ಒಂದು ತೂತು ತುಂಬದೆ ಕುಡಿಯುತ್ತಲೇ ಇದ್ದರೆ ಅಡಿಯಲ್ಲಿ ಮುರಕಲ್ಲಿನ ಬಿಲವಿದೆ ಎಂದು ಅರ್ಥ. ಆ ಕ್ಷಣವೇ ನಿಲ್ಲಿಸಿ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಬಾವಿಯಿಂದ 15 ಮೀಟರ್ ಒಳಗೆ, ಸುರಂಗದ ಮೇಲ್ಭಾಗದ ಇಳಿಜಾರಿನಲ್ಲಿ, ಮಳೆಯ ಮುನ್ಸೂಚನೆ ಇರುವ ದಿನದಲ್ಲಿ ನೆಲಕ್ಕೆ ಯಾವ ಮದ್ದೂ ಬೇಡ. ಅಂಥ ಮನೆಯಲ್ಲಿ ಬಿಳಿಗಾರದ ಲೇಪ, ಬರಿದಾದ ಪಂಚಾಂಗ, ತಿಂಗಳಿಗೊಮ್ಮೆಯ ತಪಾಸಣೆ ಇವೇ ದಾರಿ. ತೋಟಕ್ಕೆಂದು ತಂದು ಉಳಿದ ಮದ್ದನ್ನು ಮನೆಯೊಳಗೆ ಬಳಸುವುದೂ ಬೇಡ. ಅಂಗಳದಾಚೆಯ ಹುತ್ತ ಒಡೆಯುವ ಅಗತ್ಯವಿಲ್ಲ. ನಿಮ್ಮ ದಾರಂದ ತಿನ್ನುವ ಒರಳೆ ಆ ಹುತ್ತದ್ದೇ ಆಗಿರಬೇಕೆಂದಿಲ್ಲ, ಒಡೆದರೆ ಹಾವಿನ ಮನೆ ಹೋಗಿ ಹಾವು ನಿಮ್ಮ ಸೌದೆರಾಶಿಗೆ ಬರುತ್ತದೆ.

ಮುಪ್ಲಿ ಹುಳ

ಮುಳ್ಳೇರಿಯ, ದೇಲಂಪಾಡಿ, ಬಂದಡ್ಕದಂಥ ರಬ್ಬರ್ ಸೀಮೆಯವರಿಗೆ ಈ ಹುಳದ ಪರಿಚಯ ಹೇಳಬೇಕಾಗಿಲ್ಲ. ಎಂಟು ಮಿಲಿಮೀಟರ್ ಉದ್ದದ ಕಪ್ಪು ಹುಳ, ಮಲಯಾಳದಲ್ಲಿ ಮುಪ್ಲಿ ವಂಡ್, ಓಟ್ಟೆರುಮ ಎನ್ನುತ್ತಾರೆ. ತೃಶ್ಶೂರು ಜಿಲ್ಲೆಯ ಮುಪ್ಲಿಯಂ ಎಂಬ ಊರಿನಿಂದ ಬಂದ ಹೆಸರು. ಕಚ್ಚುವುದಿಲ್ಲ, ಮರ ತಿನ್ನುವುದಿಲ್ಲ, ಅಕ್ಕಿಗೂ ಬೀಳುವುದಿಲ್ಲ. ತೊಂದರೆ ಬೇರೆ. ಉದುರಿದ ರಬ್ಬರ್ ಎಲೆ ತಿಂದು ಬೆಳೆದ ಹುಳ, ಬೇಸಗೆಯ ಮೊದಲ ಮಳೆಗೆ ತೋಟ ಬಿಟ್ಟೇಳುತ್ತದೆ. ಮುಸ್ಸಂಜೆಗೆ ದೀಪ ಕಂಡ ಮನೆಗೆ ಸಾವಿರ ಲಕ್ಷದ ಲೆಕ್ಕದಲ್ಲಿ ನುಗ್ಗಿ, ಹಂಚಿನ ಅಡಿ, ಮುಚ್ಚಿಗೆಯ (ಮರದ ಒಳಮಾಡಿನ) ಸಂದು, ಪಕ್ಕಾಸಿನ ಬದಿಯಲ್ಲಿ ಒಂದರ ಮೇಲೊಂದು ಕೂತು, ಮಳೆಗಾಲವಿಡೀ ಅಲ್ಲೇ ಮಲಗುತ್ತದೆ. ಮುಟ್ಟಿದರೆ, ಮೆಟ್ಟಿದರೆ ಕಮಟು ವಾಸನೆಯ ರಸ ಬಿಡುತ್ತದೆ. ಅದು ತಾಗಿದಲ್ಲಿ ಚರ್ಮ ಸುಟ್ಟಂತಾಗಿ ಕೆಂಪಗೆ ಬಾಯುತ್ತದೆ. ಆ ರಸದಿಂದಾಗಿಯೇ ಇದನ್ನು ತಿನ್ನುವ ಹಕ್ಕಿಪಕ್ಷಿ ಬಹಳ ಕಡಿಮೆ.

ಒಳಗೆ ಬಂದ ಮೇಲೆ ಓಡಿಸುವುದು ಕಷ್ಟ, ಬರದಂತೆ ಮಾಡುವುದು ಸುಲಭ. ಮೊದಲ ಮಳೆಯ ಸಂಜೆಯಿಂದ ಒಂದೆರಡು ವಾರ ಇದೇ ನಿಮ್ಮ ಮುಖ್ಯ ಕೆಲಸ ಆಗಲಿ. ಸೂರ್ಯ ಮುಳುಗುವ ಮೊದಲೇ ಜಗಲಿಯ ಟ್ಯೂಬ್‌ಲೈಟ್, ಹೊರಗಿನ ಬಿಳಿ ಬಲ್ಬು ಆರಿಸಿ. ಒಳಗೆ ಬೇಕಾದಲ್ಲಿ ಮಾತ್ರ ಹಳದಿ ಬಲ್ಬು, ಕಿಟಕಿಗೆ ದಪ್ಪ ಪರದೆ. ಮನೆಯಿಂದ 15-20 ಮೀಟರ್ ಆಚೆ, ಹುಳ ಬರುವ ತೋಟದ ದಿಕ್ಕಿಗೆ, ಒಂದು ಪ್ರಖರವಾದ ಬಿಳಿ ಬಲ್ಬನ್ನು ಕೋಲಿಗೆ ಕಟ್ಟಿ. ಅದರಡಿಗೆ ಅಗಲದ ಟಬ್ಬಿನಲ್ಲಿ ಹತ್ತು ಲೀಟರ್ ನೀರು, ಅದಕ್ಕೆ ಎರಡು-ಮೂರು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ. ಬರೀ ನೀರಾದರೆ ಹುಳ ತೇಲಿ ಅಂಚು ಹತ್ತಿ ಹೊರಬರುತ್ತದೆ. ಸೋಪು ಇದ್ದರೆ ಮುಳುಗುತ್ತದೆ. ಬಲ್ಬು ಟಬ್ಬಿನ ನೀರಿಗೆ ಬೀಳದಂತೆ ಭದ್ರವಾಗಿ ಕಟ್ಟಿ, ವಯರಿನ ಜೋಡಣೆ ಮಳೆಗೆ ನೆನೆಯಬಾರದು. ರಾತ್ರಿ ಒಂಬತ್ತಕ್ಕೆ ಹಾರಾಟ ಬಹುಪಾಲು ಇಳಿದಿರುತ್ತದೆ. ಬೆಳಿಗ್ಗೆ ಟಬ್ಬಿನದನ್ನೆಲ್ಲ ಬಾವಿಯಿಂದ ದೂರ ಗುಂಡಿ ತೋಡಿ ಮುಚ್ಚಿ. ಬಲ್ಬನ್ನು ಗೋಡೆಯ ಪಕ್ಕ, ಹಟ್ಟಿಯ ಮಾಡಿಗೆ ಕಟ್ಟಿದವರು ಹುಳವನ್ನು ತಾವೇ ಕರೆದಂತಾಗುತ್ತದೆ. ದೂರ ಮುಖ್ಯ.

ಒಳಗೆ ಸೇರಿಬಿಟ್ಟಿದ್ದರೆ ಹಗಲಿನಲ್ಲಿ, ಅವು ಮುದ್ದೆಯಾಗಿ ಕೂತಿರುವಾಗ, ಕೆಲಸ ಮಾಡಿ. ತಲೆಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಕೈಗವಸು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೆದು ಪೊರಕೆಯಿಂದ ಮುದ್ದೆಯನ್ನು ಸೋಪುನೀರಿನ ಬಕೆಟಿಗೆ ನೇರ ಇಳಿಸಿ. ಅಟ್ಟಕ್ಕೆ ಸ್ಪ್ರೇ ಹೊಡೆದರೆ ಹೊಯ್ಗೆಯಂತೆ ಉದುರುತ್ತವೆ, ಅಡುಗೆಪಾತ್ರೆಗೂ ತೊಟ್ಟಿಲಿಗೂ. ಮರುದಿನ ಇನ್ನೊಂದು ಹಿಂಡು ಅಲ್ಲಿಗೇ ಬರುತ್ತದೆ. ಆ ವಾರಗಳಲ್ಲಿ ಮಲಗುವಾಗ ಸೊಳ್ಳೆಪರದೆ ಕಡ್ಡಾಯ, ಒಲೆಯ ಮೇಲ್ಗಡೆ, ಬೆಂಕಿ ತಾಗದಷ್ಟು ಎತ್ತರದಲ್ಲಿ, ಮುಚ್ಚಿಗೆಗೆ ಒಂದು ಬಟ್ಟೆ ಕಟ್ಟಿ. ಕಿವಿಗೆ ಹೋದರೆ ಕಡ್ಡಿ ಹಾಕಬೇಡಿ, ಒಳಗೆ ರಸ ಬಿಟ್ಟರೆ ನೋವು ಹೆಚ್ಚು, ವೈದ್ಯರಲ್ಲಿಗೆ ಹೋಗಿ. ಚರ್ಮಕ್ಕೆ ತಾಗಿದ ರಸವನ್ನು ಕೂಡಲೇ ಸೋಪಿನಿಂದ ತೊಳೆಯಿರಿ.

ಮನೆಗೆ ತಾಗಿ ರಬ್ಬರ್ ತೋಟ ಇದ್ದರೆ ಹತ್ತಿರದ ಎರಡು-ಮೂರು ಸಾಲಿನ ತರಗೆಲೆಯನ್ನು ಫೆಬ್ರವರಿಯಲ್ಲೇ ಕೂಡಿಸಿ ದೂರದ ಗೊಬ್ಬರದ ಗುಂಡಿಗೆ ಹಾಕಿ ಸಗಣಿನೀರು ಸುರಿಯಿರಿ. ಹುಳ ಪೂರ್ತಿ ನಿಲ್ಲದು, ಹತ್ತಿರದಿಂದ ಏಳುವುದು ಕಡಿಮೆಯಾಗುತ್ತದೆ. ಬೆಂಕಿ ಮಾತ್ರ ಹಾಕಬೇಡಿ, ಮಾರ್ಚಿನ ಒಣಹುಲ್ಲಿನಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗದು.

ಇಲಿ

ಸಂದು ಮುಚ್ಚಿದ ಮೇಲೂ ಒಳಗೆ ಉಳಿದ ಇಲಿಗೆ ಬೋನೇ ಒಳ್ಳೆಯದು. ಇಲಿ ಗೋಡೆಗೆ ಮೈಯುಜ್ಜಿಕೊಂಡು ಓಡುವ ಪ್ರಾಣಿ, ಗೋಡೆಯ ಮೇಲೆ ಎಣ್ಣೆ ಸವರಿದಂಥ ಕಪ್ಪು ಗುರುತು ಇರುವಲ್ಲಿ ಅದರ ದಾರಿ. ಹೊಡೆಯುವ ಬೋನನ್ನು ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ ಇಡಿ. ಕೋಣೆಯ ನಡುವೆ ಇಟ್ಟ ಬೋನಿಗೆ ಇಲಿ ಬೀಳುವುದು ಅಪರೂಪ. ಸುಟ್ಟ ಕೊಬ್ಬರಿ ಚೂರು, ಒಣಮೀನು ಒಳ್ಳೆಯ ತಿಂಡಿ. ಹೊಸ ವಸ್ತುವಿಗೆ ಇಲಿ ಹೆದರುತ್ತದೆ. ಮೊದಲ ಮೂರು ರಾತ್ರಿ ಬೋನನ್ನು ಕಟ್ಟದೆ ತಿಂಡಿ ಮಾತ್ರ ಇಟ್ಟು ರೂಢಿ ಮಾಡಿಸಿ, ನಾಲ್ಕನೆಯ ರಾತ್ರಿ ಐದಾರು ಬೋನುಗಳನ್ನು ಒಟ್ಟಿಗೆ ಕಟ್ಟಿ. ಒಂದೇ ಬೋನು ಇಟ್ಟು ತಿಂಗಳುಗಟ್ಟಲೆ ಕಾಯುವುದಕ್ಕಿಂತ ಇದು ಎಷ್ಟೋ ಮೇಲು.

ಸತ್ತ ಇಲಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಇಲಿಜ್ವರ ಬರುವುದು ಅದರ ಮೂತ್ರದಿಂದ, ಕೈಕಾಲಿನ ಸಣ್ಣ ಗಾಯವೇ ಅದಕ್ಕೆ ಬಾಗಿಲು. ಆ ಜಾಗಕ್ಕೆ ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ಇನ್ನು, ಕೈಮುಗಿದು ಹೇಳುವ ಮಾತೊಂದಿದೆ. ಟ್ಯೂಬಿನಲ್ಲಿ ಸಿಗುವ ಇಲಿ ಪೇಸ್ಟನ್ನು ಮನೆಗೆ ತರಬೇಡಿ. ಹಳದಿ ರಂಜಕ ಇರುವ ಆ ಪೇಸ್ಟನ್ನು ಮಕ್ಕಳು ಟೂತ್‌ಪೇಸ್ಟ್ ಎಂದುಕೊಂಡ ಸಂದರ್ಭಗಳಿವೆ. ಅದಕ್ಕೆ ಪ್ರತಿಮದ್ದಿಲ್ಲ. ಅದರ ಮೋಸ ಇರುವುದು ಇಲ್ಲಿ: ಮೊದಲ ದಿನ ವಾಂತಿ, ಹೊಟ್ಟೆನೋವು, ಮರುದಿನ ಎಲ್ಲ ಕಡಿಮೆಯಾದಂತೆ ಕಾಣುತ್ತದೆ, ಮನೆಯವರು ಸಮಾಧಾನ ಪಡುತ್ತಾರೆ. ಆ ಹೊತ್ತಿಗೆ ಯಕೃತ್ತು ಕೆಡುತ್ತಿರುತ್ತದೆ. ಬಾಯಿಗೆ ಹೋಗಿರಬಹುದೆಂಬ ಸಂಶಯ ಬಂದರೂ, ಮಗು ಆಡುತ್ತಿದ್ದರೂ, ಆ ಟ್ಯೂಬನ್ನು ಕೈಯಲ್ಲಿ ಹಿಡಿದು ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಅಕ್ಕಿಮೂಟೆಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯೂ ಹೀಗೆಯೇ. ಅದು ಬಿಡುವ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಕೊಂದಿದೆ. ಗೋದಾಮಿನಲ್ಲಿ ತರಬೇತಿ ಪಡೆದವರು ಬಳಸುವ ವಸ್ತು, ಮನೆಗಲ್ಲ.

ಅಡುಗೆಮನೆ, ಬಚ್ಚಲು

ದೊಡ್ಡ ಕೆಂಪು ಜಿರಳೆ ಚರಂಡಿಯದ್ದು, ಸಣ್ಣ ಕಂದು ಜಿರಳೆ ಅಡುಗೆಮನೆಯದ್ದು. ಎರಡಕ್ಕೂ ಒಂದೇ ಉಪಾಯ ಆಗುವುದಿಲ್ಲ. ದೊಡ್ಡದು ಬೇಸಗೆಯಲ್ಲಿ ಏಕಾಏಕಿ ಹೆಚ್ಚಾದರೆ ಬಳಸದ ಬಚ್ಚಲು ನೋಡಿ. ನೆಲದ ಜಾಲರಿಯ ಅಡಿಯ ಟ್ರ್ಯಾಪಿನಲ್ಲಿ ನಿಂತ ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ಮಾರ್ಚಿನ ಸೆಕೆಗೆ ಆ ನೀರು ಆರಿಹೋದರೆ ಬಾಗಿಲು ತೆರೆದಂತೆ. ವಾರಕ್ಕೊಂದು ಸಲ ಒಂದು ತಂಬಿಗೆ ನೀರು ಹೊಯ್ದರೆ ಸಾಕು.

ಸಣ್ಣದಕ್ಕೆ ಜೆಲ್. ಫಿಪ್ರೊನಿಲ್ ಶೇಕಡಾ 0.05 ಅಥವಾ ಇಮಿಡಾಕ್ಲೋಪ್ರಿಡ್ ಶೇಕಡಾ 2.15 ಇರುವ ಟ್ಯೂಬು. ಕಡಲೆಬೇಳೆಯಲ್ಲ, ಉದ್ದಿನಕಾಳಿನಷ್ಟೇ ಸಣ್ಣ ಚುಕ್ಕೆ, ಕಪಾಟಿನ ತಿರುಗಣೆ, ಫ್ರಿಜ್ಜಿನ ಹಿಂಬದಿ, ಸಿಂಕಿನ ಅಡಿ, ಮಿಕ್ಸಿ ಇಡುವ ಮೂಲೆಯಲ್ಲಿ. ಜೆಲ್ ಹಾಕಿದ ಜಾಗಕ್ಕೆ ಸ್ಪ್ರೇ ಹೊಡೆಯುವುದು, ಫಿನಾಯಿಲಿನಿಂದ ಒರಸುವುದು ಎರಡೂ ಬೇಡ. ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ. ಸಣ್ಣ ಜಿರಳೆಯ ಒಂದು ಮೊಟ್ಟೆಚೀಲದಲ್ಲಿ ಮೂವತ್ತು-ನಲವತ್ತು ಮರಿಗಳಿರುತ್ತವೆ, ಮೊಟ್ಟೆಗೆ ಮದ್ದು ತಾಗದು. ಅದಕ್ಕೇ ಮೂರು-ನಾಲ್ಕು ವಾರ ಬಿಟ್ಟು ಇನ್ನೊಂದು ಸುತ್ತು ಹಾಕಬೇಕು. ಮೊದಲ ಸುತ್ತಿಗೇ ನಿಲ್ಲಿಸಿದವರ ಮನೆಯಲ್ಲಿ ಬಿಸುವಿಗೆ ಕಾಣದ ಜಿರಳೆ ಪತ್ತನಾಜೆಗೆ ಮತ್ತೆ ಕಾಣುತ್ತದೆ.

ಇರುವೆಗೆ ಒಂದು ಕಪ್ ಬಿಸಿನೀರು, ಎಂಟು ಚಮಚ ಸಕ್ಕರೆ, ಅರ್ಧ ಚಮಚ ಬಿಳಿಗಾರ. ಹತ್ತಿಯುಂಡೆಯಲ್ಲಿ ನೆನೆಸಿ ಸಾಲಿನ ಪಕ್ಕ, ಮಗುವಿಗೂ ನಾಯಿಬೆಕ್ಕಿಗೂ ಸಿಗದಂತೆ, ತೂತು ಮಾಡಿದ ಡಬ್ಬದೊಳಗೆ ಇಡಿ. ಬಿಳಿಗಾರ ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಎಂದುಕೊಳ್ಳುವುದು ತಪ್ಪು. ಕೂಲಿ ಇರುವೆ ಗೂಡು ತಲುಪುವ ಮೊದಲೇ ಸತ್ತರೆ ರಾಣಿಗೆ ಏನೂ ಹೋಗುವುದಿಲ್ಲ. ಎರಡು ದಿನ ಇರುವೆ ಇನ್ನಷ್ಟು ಬರುತ್ತದೆ, ಬರಲಿ. ಗೆರೆ ಎಳೆಯುವ ಇರುವೆ ಸೀಮೆಸುಣ್ಣದಲ್ಲೂ ಕೀಟನಾಶಕವೇ ಇರುವುದು, ಸ್ಲೇಟು ಹಿಡಿಯುವ ಮಕ್ಕಳಿರುವ ಮನೆಗೆ ಅದು ತಕ್ಕದ್ದಲ್ಲ.

ಕಾಳು, ಅಕ್ಕಿ, ಅಡಿಕೆ

ಮೀನ ತಿಂಗಳ, ಅಂದರೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದ, ಬಿಸಿಲನ್ನು ವ್ಯರ್ಥ ಮಾಡಬೇಡಿ. ಹೆಸರು, ಅಲಸಂಡೆ, ಹುರುಳಿಯನ್ನು ಕಪ್ಪು ಟರ್ಪಾಲಿನ ಮೇಲೆ ಒಂದೇ ಪದರವಾಗಿ ಹರವಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಡಿ. ಬೆಳಿಗ್ಗೆ ಹನ್ನೊಂದರಿಂದ ಮೂರರ ತನಕ, ಎರಡು ದಿನ. ಕಾಳಿನೊಳಗಿನ ಹುಳವೂ ಆ ಬಿಸಿಗೆ ಉಳಿಯುವುದಿಲ್ಲ. ಆಮೇಲೆ ನೆರಳಿನಲ್ಲಿ ಪೂರ್ತಿ ಆರಿಸಿಯೇ ಡಬ್ಬಕ್ಕೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಡಬ್ಬದ ಒಳಮೈ ಬೆವರಿ ಬೂಷ್ಟು ಹಿಡಿಯುತ್ತದೆ. ಕುಚ್ಚಲಕ್ಕಿಗೂ ಆರಿಸಿ ತುಂಬುವ ನಿಯಮ ಇದೇ. ಬೇವಿನ ಸೊಪ್ಪು ಹುಳ ಬಿದ್ದ ಅಕ್ಕಿಯ ಹುಳವನ್ನು ಕೊಲ್ಲುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಹಳೆಯ ಅಕ್ಕಿಯ ಡಬ್ಬಕ್ಕೆ ತೊಳೆಯದೆ ಹೊಸದನ್ನು ಸುರಿಯುವುದೇ ಹುಳಕ್ಕೆ ದೊಡ್ಡ ಉಪಕಾರ.

ಚಾಲಿಗೆ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆಗೆ, ಅಡಿಕೆ ಒಣಗಲು 35ರಿಂದ 45 ದಿನದ ಬಿಸಿಲು ಬೇಕು. ಅರೆಬರೆ ಒಣಗಿದ್ದನ್ನು ದಾಸ್ತಾನು ಮಾಡಿದರೆ ಕೊರೆಯುವ ಹುಳ ಬೀಳುತ್ತದೆ. ಒಳಗೆ ಪ್ಲಾಸ್ಟಿಕ್ ಇರುವ ಗೋಣಿ, ಅಡಿಗೆ ಮರದ ಹಲಗೆ, ಗೋಡೆಯಿಂದ ಒಂದು ಅಡಿ ದೂರ.

ಸೊಳ್ಳೆ

ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆ, ತಿಂಗಳುಗಟ್ಟಲೆ ಬದುಕಿರುತ್ತದೆ. ಬಿಸುವಿನ ಮಳೆಗೆ ನೀರು ತಾಗಿದ ಕೂಡಲೇ ಒಡೆಯುತ್ತದೆ, ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ನೀರು ಚೆಲ್ಲಿದರೆ ಸಾಲದು ಎನ್ನುವುದು ಇದಕ್ಕೇ. ಈಗಲೇ, ಒಣಗಿರುವಾಗಲೇ, ಡ್ರಮ್ಮು, ಬಕೆಟು, ಕೋಳಿಗೆ ನೀರಿಡುವ ಪಾತ್ರೆ, ಹೂಕುಂಡದ ತಟ್ಟೆ ಎಲ್ಲದರ ಒಳಮೈಯನ್ನು ತೆಂಗಿನ ನಾರು ಹಿಡಿದು ತಿಕ್ಕಿ ತೊಳೆಯಿರಿ. ಫ್ರಿಜ್ಜಿನ ಹಿಂದಿನ ತಟ್ಟೆಯನ್ನು ಯಾರೂ ನೆನೆಯುವುದಿಲ್ಲ, ಅದನ್ನೂ.

ತೋಟದಲ್ಲಿ ಬಿದ್ದ ಹಾಳೆಗಳನ್ನು ಕೂಡಿಸಿ ಕವುಚಿ ಪೇರಿಸಿ. ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಗೆರಟೆ, ಕಪ್ಪುಗಳನ್ನು ತಲೆಕೆಳಗು ಮಾಡಿ. ಕೊಕ್ಕೊ ಒಡೆದ ಸಿಪ್ಪೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಸೆಪ್ಟಿಕ್ ಟ್ಯಾಂಕಿನ ಗಾಳಿಕೊಳವೆಯ ಬಾಯಿಗೆ ನೈಲಾನ್ ಜಾಲರಿ ಕಟ್ಟಿ. ನೀರು ಇರಲೇಬೇಕಾದ ಮದಕಕ್ಕೆ (ಸಣ್ಣ ಕೆರೆಗೆ) ಗಪ್ಪಿ ಮೀನು ಬಿಡಿ. ಮೊದಲ ಮಳೆಯಾದ ಮೇಲೆ ವಾರಕ್ಕೊಂದು ದಿನ, ಇಲ್ಲಿ ರೂಢಿಯಲ್ಲಿರುವಂತೆ ಭಾನುವಾರವೇ ಆಗಲಿ, ತೋಟದ ಆಚೆ ತುದಿಯವರೆಗೆ ಒಂದು ಸುತ್ತು ಹೋಗಿ. ಹಾಗೆ ಹೋಗುವಾಗ ಮಾರ್ಚಿನಲ್ಲಿ ಎರಡು ಇಂಚು ಒಡೆದಿಟ್ಟ ಒರಳೆಯ ಗೆರೆಯನ್ನೂ ಇನ್ನೊಮ್ಮೆ ನೋಡಿ ಬನ್ನಿ.